ದೋಂಕಾ ಬಾಗಿಲಿಗೆ ಅಂಟಿಸಿದ ಪಟ್ಟಿ

ಊರಿನ ಹಾಡುಗಾರ್ತಿಯರ ಸಂಘದಲ್ಲಿ ಮೊದಲ ಸಾಲು ಎತ್ತುವವಳು ತೆಮೆನುಗಾ. ಅವಳು ಅಭ್ಯಾಸಕ್ಕೆ ಬರದೆ ಮೂರು ವಾರವಾಗಿತ್ತು. ಜ್ವರವಿಲ್ಲ, ಜಗಳವಿಲ್ಲ, ಫೋನು ಮಾಡಿದರೆ ಎತ್ತುವುದಿಲ್ಲ. ಕ್ರೈಸ್ತರ ಹಬ್ಬವಾದ ಗರಿಗಳ ಭಾನುವಾರ ಹತ್ತಿರ ಬರುತ್ತಿತ್ತು. ಅವಳಿಲ್ಲದೆ ಹಬ್ಬದ ಹಾಡು ಏಳುವುದಾದರೂ ಹೇಗೆ? ಕಾರ್ಯದರ್ಶಿ ದೋಂಕಾಗೆ ದಿಕ್ಕೇ ತೋಚಲಿಲ್ಲ.

ಆ ದಿನ ಪಕ್ಕದ ಪಟ್ಟಣದಿಂದ ವೆಸೆಲಾ ಬಂದಳು. ಜನರ ಮಾಹಿತಿಯನ್ನು ಕಾನೂನಿನಂತೆ ಕಾಪಾಡುವುದನ್ನು ಸಂಘಗಳಿಗೆ ಕಲಿಸುವುದು ಅವಳ ಕೆಲಸ. ಸಂಘದ ಹೊರಬಾಗಿಲಿಗೆ ಅಂಟಿಸಿದ್ದ ಪಟ್ಟಿ ಕಂಡು ಅಲ್ಲೇ ನಿಂತುಬಿಟ್ಟಳು.

"ಇದೇನು ದೋಂಕಕ್ಕ?"

"ಹೆಸರಿನ ಹಬ್ಬದ ಪಟ್ಟಿ, ಯಾರ ಹೆಸರಿಗೆ ಯಾವ ದಿನ ಹಬ್ಬ ಅಂತ. ಹೆಸರಿನ ಹಬ್ಬಕ್ಕೆ ಯಾರೂ ಕರೆಯಲ್ಲ, ನಾವಾಗೇ ಹೋಗ್ಬೇಕಲ್ಲ. ಅದಕ್ಕೇ ಮನೆ ವಿಳಾಸ, ಫೋನ್ ನಂಬರು, ಎಲ್ಲಾ ಬರ್ದಿದೀನಿ. ಎಲ್ರೂ ಚಾಕೊಲೇಟ್ ಡಬ್ಬೀನೇ ತಗೊಂಡು ಹೋಗೋದು, ಅದಕ್ಕೆ ಸಕ್ಕರೆ ಕಾಯಿಲೆ ಇರೋರಿಗೆ ಕೆಂಪು ಚುಕ್ಕೆ."

"ಚುಕ್ಕೆ ಇಡ್ತೀನಿ ಅಂತ ಅವರನ್ನ ಕೇಳಿದ್ರಾ?"

"ಕೇಳೋದೇನು? ಮೂವತ್ತು ವರ್ಷದಿಂದ ಒಟ್ಟಿಗೆ ಹಾಡ್ತಿದೀವಿ. ನಿಮ್ಮ ಕಾನೂನಲ್ಲಿ ಉಸಿರಾಡೋಕೂ ಅರ್ಜಿ ಬರೀಬೇಕಾ?"

"ಉಸಿರಾಟಕ್ಕೆ ವಿನಾಯಿತಿ ಕೊಟ್ಟಿದೀವಿ ಅಕ್ಕ," ಎಂದು ವೆಸೆಲಾ ನಕ್ಕಳು. "ಕಾಯಿಲೆ ವಿಷಯ ನಿಮಗೆ ಹೇಗೆ ಗೊತ್ತಾಯ್ತು?"

"ಪ್ರವಾಸಕ್ಕೆ ಹೋದಾಗ ಊಟದ ಚೀಟೀಲಿ ಅವರೇ ಬರ್ಕೊಟ್ಟಿದ್ರು."

"ಊಟಕ್ಕೆ ಅಂತ ಕೊಟ್ಟಿದ್ದು ಬಾಗಿಲಿಗೆ ಬಂತು. ಈ ಬಾಗಿಲನ್ನ ಯಾರ್ಯಾರು ನೋಡ್ತಾರೆ?"

"ಹಾಡೋರು, ಅಂಚೆಯವನು, ಸಾಮಾನು ಮಾರೋಕೆ ಬರೋರು..." ದೋಂಕಾಳ ದನಿ ಇಳಿಯಿತು. ತೆಮೆನುಗಾಳ ಹೆಸರಿನ ಮುಂದೆ ತಾನೇ ಇಟ್ಟ ಚುಕ್ಕೆ ಈಗ ತಟ್ಟೆಯಷ್ಟು ದೊಡ್ಡದಾಗಿ ಕಂಡಿತು.

ಪಟ್ಟಿಯನ್ನು ಕಿತ್ತು ಹರಿದು, ನೇರ ತೆಮೆನುಗಾಳ ಮನೆಗೆ ನಡೆದಳು.

"ಕಾಯಿಲೆ ವಿಷಯ ಮಗನಿಗೂ ಹೇಳಿರ್ಲಿಲ್ಲ ಕಣೆ," ಎಂದಳು ತೆಮೆನುಗಾ. "ಬ್ರೆಡ್ ಅಂಗಡಿ ಸಾಲಲ್ಲಿ 'ಸಕ್ಕರೆ ಎಷ್ಟಿದೆ' ಅಂತಾರೆ. ಯಾವನೋ ದಿನಾ ಫೋನ್ ಮಾಡಿ ವಾಸಿ ಮಾಡೋ ಪುಡಿ ತಗೋ ಅಂತ ಪ್ರಾಣ ತಿಂತಾನೆ."

"ತಪ್ಪಾಯ್ತು. ಪಟ್ಟಿ ಹರಿದೆ, ನನ್ನ ಫೋನಲ್ಲಿದ್ದ ಅದರ ಫೋಟೋನೂ ಅಳಿಸಿದೆ. ಹಾಡೋಕೆ ಬಾ."

"ನೋಡ್ತೀನಿ."

ವಾರದ ಸಭೆಗೆ ಅವಳು ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಳು. ವೆಸೆಲಾ ಹೇಳಿಕೊಟ್ಟಂತೆ ದೋಂಕಾ ಹೊಸ ಹಾಳೆ ಹಂಚಿದಳು. ಯಾವ ಮಾಹಿತಿ, ಯಾತಕ್ಕೆ, ಯಾರು ನೋಡುತ್ತಾರೆ ಎಂದು ಅದರಲ್ಲೇ ಬರೆದಿತ್ತು. ಕಾಯಿಲೆಯ ಸಾಲೇ ಇರಲಿಲ್ಲ. ಇಷ್ಟವಿಲ್ಲದ್ದನ್ನು ಖಾಲಿ ಬಿಡಬಹುದಿತ್ತು.

"ನನ್ನ ವಯಸ್ಸು ಬೇಡ, ನಂಬರ್ ಮಾತ್ರ ದೊಡ್ಡದಾಗಿ ಬರಿ," ಎಂದಳು ಎಂಬತ್ತರ ಜ್ಲಾತಾ ಅಜ್ಜಿ. "ಯಾರಾದ್ರೂ ವಿಧುರ ನೋಡಿದ್ರೆ ಫೋನ್ ಮಾಡ್ಲಿ."

"ಇದು ಬೀರುವಿನಲ್ಲಿ ಬೀಗ ಹಾಕಿಡೋ ಹಾಳೆ ಅಜ್ಜಿ. ನಿಮಗೆ ಅದೃಷ್ಟ ಇಲ್ಲ," ಎಂದಳು ದೋಂಕಾ.

ಎಲ್ಲರಿಗಿಂತ ಜೋರಾಗಿ ನಕ್ಕವಳು ತೆಮೆನುಗಾ.

ಗರಿಗಳ ಭಾನುವಾರ ಹೂವಿನ ಹೆಸರಿನವರೆಲ್ಲರ ಹಬ್ಬ; ತೆಮೆನುಗಾ ಎಂದರೂ ಒಂದು ಹೂವೇ. ತೆಮೆನುಗಾಳ ಮನೆ ತುಂಬ ಜನ, ಮೇಜಿನ ಮೇಲೆ ಬಿಸಿ ಮೀನು. ದೋಂಕಾ ಒಂದು ಕೈಯಲ್ಲಿ ಹಬ್ಬದ ವಿಲೋ ಮರದ ರೆಂಬೆ, ಇನ್ನೊಂದರಲ್ಲಿ ದೊಡ್ಡ ಚಾಕೊಲೇಟ್ ಡಬ್ಬಿ ಹಿಡಿದು ಬಂದಳು.

"ಇದೇನೇ, ನನಗೆ ಚಾಕೊಲೇಟಾ?"

"ನಿನ್ನ ವಿಷಯ ನನಗೇನು ಗೊತ್ತು? ನಮ್ಮ ಹಾಳೇಲಿ ಏನೂ ಇಲ್ಲ," ಎಂದಳು ದೋಂಕಾ ಗಂಭೀರವಾಗಿ.

ತೆಮೆನುಗಾ ನಗು ತಡೆಯಲಾರದೆ ಡಬ್ಬಿಯನ್ನು ಮೇಲೆತ್ತಿ ಹಿಡಿದಳು. "ಎಲ್ರೂ ಕೇಳಿ. ನನಗೆ ಸಕ್ಕರೆ ಕಾಯಿಲೆ. ಇದನ್ನ ನೀವೇ ತಿಂದು ಮುಗಿಸಿ." ಮಗ ಅವಳ ಹೆಗಲ ಮೇಲೆ ಕೈಯಿಟ್ಟ. ಅವಳು ಹಾಡಿನ ಮೊದಲ ಸಾಲು ಎತ್ತಿದಳು.

ನಿಮ್ಮ ಸಂಘದ ಗೋಡೆಯ ಮೇಲೆ, ಫೋನಿನ ಗುಂಪಿನಲ್ಲಿ ಯಾರ ವಿಷಯವೆಲ್ಲ ಇದೆ? ಇವತ್ತೇ ಒಮ್ಮೆ ನೋಡಿ. ಕೇಳಿ ಪಡೆಯಿರಿ, ಕೊಟ್ಟ ಕಾರಣಕ್ಕಷ್ಟೇ ಬಳಸಿ, ಬೇಡವೆಂದರೆ ಅಳಿಸಿ. ಅವರ ವಿಷಯವನ್ನು ಹೇಳುವ ಹಕ್ಕು ಅವರದೇ.