ಸಾವಿರದ ಒಂಬತ್ತರ ಭಾಗಾಕಾರ

"ಬಾಗಿಲು ಬಿಡ್ರಿ, ಸರೀರಿ" ಎನ್ನುತ್ತ ಗಂಡಸರು ಪೀರಸಾಬನ ಶವವಿದ್ದ ಜನಾಜಾವನ್ನು ಹೆಗಲಿಗೇರಿಸಿ ಓಣಿಗಿಳಿದರು. ದೊಡ್ಡ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಮುಗಿಯುವ ತನಕ ಪೀರಸಾಬ್ ಹೆಗಲುಗಳ ಮೇಲೆಯೇ ಕಾಯಬೇಕಾಯಿತು. ಹೆಂಗಸರು ಖಬರಸ್ಥಾನಕ್ಕೆ ಹೋಗುವಂತಿಲ್ಲ. ಮಗಳು ಶಬಾನಾ ಹೊಸ್ತಿಲಲ್ಲೇ ನಿಂತಳು.

"ಅಷ್ಟು ವರ್ಷ ಲಾರಿ ತೂಗಿದಾತಗ ಇವತ್ತು ಲಾರಿಗಳು ದಾರಿ ಬಿಡವಲ್ವು ನೋಡು," ಎಂದಳು ಕುರುಗೋಡಿನಿಂದ ಬಂದಿದ್ದ ಸೋದರತ್ತೆ ಶಾಹಜಾನಬಿ. "ಆದ್ರೂ ನಮ್ಮಣ್ಣ ನಕ್ಕೋತ ಹೋದ. ಅವನ ನಂಬರ್ ಒಡೀಲಿಲ್ಲಂತಲ್ಲ?"

ಶಬಾನಾ ಓಣಿಯತ್ತ ಮುಖ ತಿರುಗಿಸಿದಳು.

*

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಬಳ್ಳಾರಿಯೆಲ್ಲ ಅದಿರಿನ ಟನ್ನು ಎಣಿಸುತ್ತಿದ್ದಾಗ, ತೂಕದ ಕಾಟಾದಲ್ಲಿ ಚೀಟಿ ಬರೆಯುವ ಪೀರಸಾಬ್ ಆ ಚೀಟಿಗಳ ಕ್ರಮಸಂಖ್ಯೆ ವಿಂಗಡಿಸುತ್ತ ಕೂರುತ್ತಿದ್ದ. ಇದು ಸಮ, ಇದು ಬೆಸ, ಇದು ಮೂರಕ್ಕೆ ಒಡೆಯುತ್ತದೆ, ಇದು ಯಾವುದಕ್ಕೂ ಒಡೆಯದ ಅವಿಭಾಜ್ಯ. ಕೆಮ್ಮು ಕೆಲಸ ಬಿಡಿಸಿದ ದಿನ ಬರೆದ ಕೊನೆಯ ಚೀಟಿಯ ಸಂಖ್ಯೆ 10,22,117. ಅದನ್ನು ಮನೆಗೇ ತಂದ. ಅದು ಅವಿಭಾಜ್ಯ ಎನ್ನಬೇಕಾದರೆ ಎರಡರಿಂದ ಸಾವಿರದ ಒಂಬತ್ತರವರೆಗಿನ ನೂರಾ ಅರವತ್ತೊಂಬತ್ತು ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಬೇಕು, ಪ್ರತಿ ಸಲವೂ ಶೇಷ ಉಳಿಯಬೇಕು. ದಿನಕ್ಕೊಂದರಂತೆ ಹಾಸಿಗೆಯಲ್ಲೇ ಮಾಡಿದ. ನೂರಾ ಅರವತ್ತೆಂಟು ಮುಗಿಯುವಷ್ಟರಲ್ಲಿ ಕೈಯಲ್ಲಿ ಪೆನ್ಸಿಲ್ ನಿಲ್ಲದಾಯಿತು.

"ಬೇಟಿ, ಸಾವಿರದ ಒಂಬತ್ತು ಒಂದ ಉಳದೈತಿ. ನೀ ಮಾಡು."

ಔಷಧಿಗಾಗಿ ಊರೆಲ್ಲ ಅಲೆದು ಬಂದಿದ್ದ ಶಬಾನಾ ಚೀಟಿಯ ಮೇಲೆ ಸುಮ್ಮನೆ ಪೆನ್ಸಿಲ್ ಆಡಿಸಿದಳು.

"ಮಾಡಿದೆ, ಅಬ್ಬಾ."

"ಎಷ್ಟು ಉಳೀತು?"

"ಏಳು." ಬಾಯಿಗೆ ಬಂದ ಅಂಕಿ ಅದು.

ಅವನ ಮುಖ ಅರಳಿತು. "ಒಡೀಲಿಲ್ಲ! ಕಾಟಾದ ಎರ್ರಿಸ್ವಾಮಿಗೆ ಹೇಳಿ ಕಳಸು."

ಮರುದಿನ ಮುಂಜಾನೆ ಉಸಿರು ನಿಂತಿತು.

*

ಜನಾಜಾ ಮರೆಯಾದ ಮೇಲೆ ಶಬಾನಾ ಅಡುಗೆಮನೆಯ ಗೋಡೆಗೆ ಒರಗಿ ಕೂತು ಆ ಚೀಟಿ ತೆಗೆದಳು. ಈಗಲಾದರೂ ಸುಳ್ಳನ್ನು ನಿಜ ಮಾಡಬೇಕಿತ್ತು. ಏಳೇ ಆಗಬೇಕೆಂದೇನಿಲ್ಲ, ಒಂದಾದರೂ ಉಳಿಯಲಿ, ಯಾ ಅಲ್ಲಾ. ಸಾವಿರದ ಒಂಬತ್ತರಿಂದ ಭಾಗಿಸುತ್ತ ಹೋದಳು. ಕೊನೆಗೆ ಮೂರು ಸಾವಿರದ ಇಪ್ಪತ್ತೇಳಕ್ಕೆ ಬಂತು. ಒಂಬತ್ತು ಮೂರ್ಲಿ ಇಪ್ಪತ್ತೇಳು, ಸಾವಿರ ಮೂರ್ಲಿ ಮೂರು ಸಾವಿರ.

ಕೆಳಗೆ ಸೊನ್ನೆ.

ಮೂರು ಸಲ ಮಾಡಿದಳು, ಮೂರು ಸಲವೂ ಸೊನ್ನೆಯೇ; ನಂಬರ್ ಒಡೆದಿತ್ತು. ತಪ್ಪಾಯಿತು ಎನ್ನೋಣವೆಂದರೆ ಕೇಳಬೇಕಾದವನೇ ಇಲ್ಲ.

ಮಣ್ಣು ಮುಗಿಸಿ ಮೊದಲು ಬಂದವನು ಎರ್ರಿಸ್ವಾಮಿ. ಕಾಟಾದಲ್ಲಿ ತೂಗಿದ ಲಾರಿಗಳ ಮೇಲೆ ಸೀಮೆಸುಣ್ಣದಿಂದ ತೂಕ ಬರೆಯುತ್ತಿದ್ದವನು, ಅಬ್ಬನ ಜೀವದ ಗೆಳೆಯ.

"ಮೂರು ಹಿಡಿ ಮಣ್ಣು ನಾನೂ ಹಾಕಿದೆನವ್ವ," ಎಂದ. "ತಲಿ ಕಡಿ ಕಲ್ಲಿನ ಮ್ಯಾಲ ಸೀಮೆಸುಣ್ಣದಾಗ ಅವನ ನಂಬರ್ ಬರದು ಬಂದೀನಿ. ಯಾರ ಕೈಲೂ ಒಡಿಯಾಕ ಆಗದ ನಂಬರ್. ಮುಂದ ಕಲ್ಲಾಗ ಕೆತ್ತಿಸ್ತೀನಿ. ಚಲೋ ಮಾಡಿದ್ನೇನವ್ವ?"

ಶಬಾನಾ ಬಾಯಿ ತೆರೆದಳು. ಅವನ ಕಣ್ಣು ನೋಡಿ, "ಚಲೋ ಮಾಡಿದ್ರಿ, ಕಾಕಾ" ಎಂದಳು.

ಅವನು ತೊಳೆಯಲು ಕೈ ಒಡ್ಡಿದ. ಎಡಗೈಯಲ್ಲಿ ಚೀಟಿಯನ್ನು ಮುದುರಿ ಹಿಡಿದು, ಬಲಗೈಯಿಂದ ತಂಬಿಗೆ ಬಗ್ಗಿಸಿದಳು. ಮೊದಲು ಗೋರಿಯ ಮಣ್ಣು ಹೋಯಿತು. ಬೆರಳ ಸಂದಿಯ ಸೀಮೆಸುಣ್ಣ ಮಾತ್ರ, ತಂಬಿಗೆ ಬರಿದಾದರೂ ಬಿಡಲಿಲ್ಲ.