ಹಳೆ ಮುಖಕ್ಕೆ ಹೊಸ ಕಿರೀಟ

ಈ ವರ್ಷ ಇದು ನಾಲ್ಕನೆಯ ಅರಸು. ಪಾರಸೀಕರ ಸ್ತಖ್ರ ನಗರದ ಟಂಕಸಾಲೆಯಲ್ಲಿ ಅಚ್ಚು ಕೆತ್ತುವ ಮುದುಕ ವಿಂದಾದನಿಗೆ ಅವರ ಹೆಸರು ನೆನಪಿಡುವುದೇ ಸಾಕಾಗಿತ್ತು. ನಾಣ್ಯದ ಹಿಂಬದಿಯ ಪವಿತ್ರ ಅಗ್ನಿ, ಅದರ ಅಕ್ಕಪಕ್ಕ ನಿಂತ ಇಬ್ಬರು ಕಾವಲಿನವರು ಯಾರ ಕಾಲಕ್ಕೂ ಬದಲಾಗುವವರಲ್ಲ. ಮುಂಬದಿಯ ಅರಸ ಬದಲಾದಾಗಲೆಲ್ಲ ಅವನದೇ ಒಂದು ಕಿರೀಟ, ಹೊಸ ಅಚ್ಚು, ಮತ್ತೆ ಕಣ್ಣುರಿ.

ಆದರೆ ಇದೇ ಕೊನೆಯದು. ಟಂಕಸಾಲೆಯ ಅಧಿಕಾರಿ ರಶ್ನು ಮಾತು ಕೊಟ್ಟಿದ್ದ: "ಇದೊಂದು ಕಿರೀಟ ಮುಗಿಸ್ಕೊಡು ಯಜಮಾನ. ಆಮೇಲೆ ಮಗಳ ಮನೇಲಿ ದಾಳಿಂಬೆ ತಿನ್ಕೊಂಡಿರು."

ಮೂರು ದಿನ ಕೂತು ಕೆತ್ತಿದ. ನಾಲ್ಕನೆಯ ಬೆಳಿಗ್ಗೆ, ಸುತ್ತಿಗೆ ಹೊಡೆಯುವ ಬುರ್ಜಕ್ ಹೊಸ ಅಚ್ಚಿನಿಂದ ಸೀಸದ ಬಿಲ್ಲೆಗೆ ಒಂದೇಟು ಹಾಕಿ ನೋಡಿದವನು ನಗತೊಡಗಿದ.

"ಅಜ್ಜೋ, ದೊರೆ ಯಾಕೆ ಆಕಡೆ ತಿರುಕ್ಕೊಂಡವ್ನೆ? ನಿನ್ ಮೇಲೆ ಮುನಿಸಾ?"

ವಿಂದಾದ ಬಿಲ್ಲೆಯನ್ನು ಕಿತ್ತುಕೊಂಡು ನೋಡಿದ. ನಾಣ್ಯದಲ್ಲಿ ಅರಸ ಬಲಕ್ಕೆ ನೋಡಬೇಕಾದರೆ ಅಚ್ಚಿನಲ್ಲಿ ಎಡಕ್ಕೆ ಕೆತ್ತಬೇಕು. ನಲವತ್ತು ವರ್ಷ ತಪ್ಪದ ಕೈ, ದಣಿವಿನಲ್ಲಿ ಮಾದರಿ ಚಿತ್ರವನ್ನು ಕಂಡಂತೆಯೇ ಕೆತ್ತಿಬಿಟ್ಟಿತ್ತು. ಅಚ್ಚು ಕೊಡದೆ ಬಿಡುಗಡೆಯಿಲ್ಲ.

"ಬಾಯ್ಮುಚ್ಚೋ. ಧಣಿ ಬರೋದ್ ಯಾವಾಗ?"

"ಮಧ್ಯಾಹ್ನಕ್ಕೆ. ಇವತ್ತೇ ಬೆಳ್ಳಿ ಹೊಡೀಬೇಕಂತೆ."

ಹೋದ ಅರಸನ ಅಚ್ಚು ಮೂಲೆಯಲ್ಲಿ ಬಿದ್ದಿತ್ತು, ಇನ್ನೂ ಒಡೆದುಹಾಕಿರಲಿಲ್ಲ. ವಿಂದಾದ ಅದನ್ನೆತ್ತಿಕೊಂಡ. ಮೂಗು, ಗಡ್ಡಗಳ ತಂಟೆಗೆ ಹೋಗಲಿಲ್ಲ. ಹೊಸ ಕಿರೀಟದ ಅಗಲವಾದ ರೆಕ್ಕೆಗಳನ್ನು ಹಳೆಯದರ ಮೇಲೆಯೇ ಕೆತ್ತಿ ಅದನ್ನು ಮರೆಮಾಡಿದ, ಹೆಸರಿನ ಅಕ್ಷರ ತಿದ್ದಿದ.

ರಶ್ನು ಬಂದು ಮೊದಲ ನಾಣ್ಯವನ್ನು ಬೆಳಕಿಗೆ ಹಿಡಿದ.

"ಈ ಮುಖ ಎಲ್ಲೋ ನೋಡಿದೀನಲ್ಲ?"

ಸುಳ್ಳು ಕಟ್ಟುವ ತ್ರಾಣವೂ ವಿಂದಾದನಲ್ಲಿ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. "ಜನ ಕಿರೀಟ ನೋಡ್ತಾರೆ ಧಣಿ, ಮೂಗು ಯಾರಿಗ್ ಬೇಕು? ನನ್ನ ಇನ್ನು ಬಿಟ್ಬಿಡಿ."

"ಎಷ್ಟೊತ್ತು ಹಿಡೀತು?"

"ಅರ್ಧ ದಿನಾನೂ ಇಲ್ಲ."

"ಅರ್ಧ ದಿನಕ್ಕೊಂದು ದೊರೆ!" ರಶ್ನು ಅವನ ಬೆನ್ನು ತಟ್ಟಿದ. "ಇಂಥಾ ಕಾಲದಲ್ಲಿ ನಿನ್ನ ಕಳಿಸ್ಬಿಟ್ಟು ನಾನೇನ್ ಮಾಡ್ಲಿ? ಸದ್ಯಕ್ಕೆ ಬರಲ್ಲ ಅಂತ ಮಗಳಿಗೆ ಹೇಳ್ಕಳಿಸು."

ಅವನು ಅತ್ತ ಹೋದಮೇಲೆ ಬುರ್ಜಕ್ ಪಿಸುಗುಟ್ಟಿದ: "ಯಾಕಜ್ಜ ಬಾಯ್ಬಿಟ್ಟೆ? ಮೂರು ದಿನ ಹಿಡೀತು ಅನ್ನಬಾರ್ದಿತ್ತಾ?"

ವಿಂದಾದ ಉರಿಯುವ ಕಣ್ಣಿಗೆ ನೀರು ಚಿಮುಕಿಸಿಕೊಂಡು, ಮೊಂಡಾದ ಉಳಿಯನ್ನು ಮಸೆಗಲ್ಲಿಗೆ ಹಚ್ಚಿದ.