ಎರಡು ಗೀಟಿನ ಸದ್ದು

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ಕತ್ತರಿಸಿಹೋದ ಕೈಬೆರಳುಗಳನ್ನು ಹೊಲಿದು ಕೂರಿಸುವುದು ಸರ್ಜನ್ನರ ಕೆಲಸ. ಹೊಲಿದ ಬೆರಳಿಗೆ ಸ್ಪರ್ಶ ಮರಳಿತೋ ಇಲ್ಲವೋ ಎಂದು ಅಳೆಯುವುದು ಅವಳ ಕೆಲಸ. ಹೆಬ್ಬೆರಳ ತುದಿ ಕಳೆದುಕೊಂಡ ನಲವತ್ತು ಜನರ ಮೇಲೆ ಎರಡು ಬಗೆಯ ಶಸ್ತ್ರಚಿಕಿತ್ಸೆ ಮಾಡಿ, ಯಾವುದು ಮೇಲು ಎಂದು ನೋಡುವ ಸಂಶೋಧನೆ ನಡೆದಿತ್ತು. ಯಾರಿಗೆ ಯಾವುದು ಮಾಡಿದ್ದಾರೆಂದು ಅಳೆಯುವವಳಿಗೆ ಗೊತ್ತಾಗಬಾರದು. ಗೊತ್ತಾದರೆ ತಕ್ಕಡಿ ತನಗೇ ತಿಳಿಯದಂತೆ ಒಂದು ಕಡೆ ವಾಲುತ್ತದೆ. ಅದಕ್ಕೆಂದೇ ಹೊಲಿಗೆಯ ಗುರುತು ಕಾಣದಂತೆ ನರ್ಸ್ ಪ್ರತಿ ರೋಗಿಗೂ ಮೊದಲೇ ಬಟ್ಟೆಯ ಕೈಗವಸು ತೊಡಿಸಿ ಕಳಿಸುತ್ತಿದ್ದಳು. ಒಂದೊಂದು ಬೆರಳ ತುದಿಗೂ ಅಂಗಿಯ ಗುಂಡಿಯಷ್ಟು ತೂತು, ಅಷ್ಟೇ.

ನಿಯಮ ಎಂದರೆ ಅಳತೆಯಮ್ಮನಿಗೆ ಪ್ರಾಣ. ಲಿಫ್ಟಿನಲ್ಲಿ ರೋಗಿ ಎದುರಾದರೆ ಗೋಡೆ ಕಡೆ ತಿರುಗಿ ನಿಲ್ಲುವಷ್ಟು. "ನಾನು ಯಾರು ಅಂತ ಗೊತ್ತಾ, ಇಲ್ಲ ಅದನ್ನೂ ಮುಚ್ಚಿಟ್ಟಿದಾರಾ?" ಎಂದು ಗಂಡ ಮನೆಯಲ್ಲಿ ಛೇಡಿಸುತ್ತಿದ್ದ. ಅವಳು ನಗುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಬಂದವನು ಗಡಿಯಾರ ರಿಪೇರಿಯವನು. ವಯಸ್ಸು ಐವತ್ತು ದಾಟಿದೆ. ಅಂಗಡಿಯ ಶಟರ್ ಬಿದ್ದು ಹೆಬ್ಬೆರಳ ತುದಿ ಜಜ್ಜಿಹೋಗಿ ವರ್ಷ ತುಂಬಿತ್ತು. ಈ ಹಿಂದೆ ಮೂರು ಸಲ ಅಳೆದಾಗಲೂ ಹೆಬ್ಬೆರಳಿಗೆ ಸಿಕ್ಕಿದ್ದು ಸೊನ್ನೆ. ಸ್ಪರ್ಶವಿಲ್ಲದ ತುದಿ ಸುಟ್ಟರೂ ತಿಳಿಯದು, ಕೊಯ್ದರೂ ತಿಳಿಯದು. ಆದ್ದರಿಂದ ನಾಲ್ಕನೇ ಸಲವೂ ಸೊನ್ನೆ ಬಂದರೆ ಆ ತುದಿಯನ್ನು ತೆಗೆದು ಬೆರಳನ್ನು ಗಿಡ್ಡ ಮಾಡಬೇಕೆಂದು ಸಂಶೋಧನೆಯ ನಿಯಮವೇ ಇತ್ತು. ಅವನು ಆಗಲೇ ಸಹಿ ಹಾಕಿದ್ದ ಒಪ್ಪಿಗೆ ಪತ್ರ ಫೈಲಿನ ಮೇಲೆ ಕೂತಿತ್ತು.

"ಒಂದು ಕೇಳ್ಬೋದಾ?" ಎಂದ ಅವನು, ಕುರ್ಚಿ ಎಳೆದುಕೊಳ್ಳುತ್ತ. "ಅಷ್ಟು ಬೆರಳು ಹೋದ್ಮೇಲೆ ಚಿಮುಟ ಹಿಡಿಯಕ್ಕಾಗತ್ತಾ?"

"ಮಾತಾಡೋ ಹಾಗಿಲ್ಲ," ಎಂದಳು ಅಳತೆಯಮ್ಮ. ಹೇಳಿದ ಮೇಲೆ ಅವಳಿಗೇ ಒಂದು ಥರ ಆಯಿತು. ಚಿಮುಟವೇ ಅವನ ಜೀವನ ಎಂಬುದು ಅವಳಿಗೂ ಗೊತ್ತಿತ್ತು.

ಇಬ್ಬರ ನಡುವೆ ಮರದ ಹಲಗೆ, ಹಲಗೆಯಲ್ಲೊಂದು ಕಂಡಿ. ಅವನು ಕಂಡಿಯಲ್ಲಿ ಕೈ ತೂರಿಸಿದ. ಕಡ್ಡಿಗೆ ಸಿಕ್ಕಿಸಿದ ನೈಲಾನ್ ಎಳೆಯಿಂದ ಅವಳು ಒಂದು ಬೆರಳನ್ನು ಮುಟ್ಟುವುದು, ಅದು ಯಾವ ಬೆರಳೆಂದು ಅವನು ಹೇಳುವುದು. ಸರಿಯಾದರೆ ಫಾರಮ್ಮಿನಲ್ಲಿ ಒಂದು ಗೀಟು, ತಪ್ಪಾದರೆ ಕತ್ತರಿಯ ಹಾಗೆ ಎರಡು ಗೀಟು.

ಕಿರುಬೆರಳು ಮುಟ್ಟಿದಳು. "ಕಿರುಬೆರಳು." ಒಂದು ಗೀಟು. ಹೆಬ್ಬೆರಳು ಮುಟ್ಟಿದಳು. "ಉಂಗುರದ ಬೆರಳು." ಎರಡು ಗೀಟು. ಮತ್ತೆ ಹೆಬ್ಬೆರಳು. "ಉಂಗುರದ ಬೆರಳು." ಎರಡು ಗೀಟು. ಹಿಂದಿನ ಮೂರು ಸಲವೂ ಇದೇ ಕಥೆ. ಬಾಯಿಗೆ ಬಂದದ್ದು ಹೇಳುವ ಗಿರಾಕಿ ಎಂದು ಅವಳು ಯಾವತ್ತೋ ತೀರ್ಮಾನಿಸಿದ್ದಳು.

ಆರನೇ ಸಲ ಎರಡು ಗೀಟು ಬಿದ್ದಾಗ ಹಲಗೆಯಾಚೆಯಿಂದ ಸಣ್ಣ ದನಿ ಬಂತು. "ಇದೂ ತಪ್ಪಾ?"

ಅಳತೆಯಮ್ಮ ಪೆನ್ಸಿಲ್ ನಿಲ್ಲಿಸಿದಳು. ನಿಯಮ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಹೊರಗೆ ಬಂದದ್ದು ಬೇರೆ. "ನಿಮಗೆ ಹೇಗೆ ಗೊತ್ತಾಯ್ತು?"

"ಪೆನ್ಸಿಲ್ ಸದ್ದು ಮೇಡಂ. ಸರಿ ಅಂದ್ರೆ ಒಂದು ಗೀಟು, ತಪ್ಪು ಅಂದ್ರೆ ಎರಡು. ಮೂವತ್ತು ವರ್ಷ ಗಡಿಯಾರಕ್ಕೆ ಕಿವಿ ಕೊಟ್ಟೋನು ನಾನು."

"ಅಂದ್ರೆ ಮೊದಲ್ನೇ ಸಲದಿಂದ್ಲೂ ಗೊತ್ತಿತ್ತಾ? ಮತ್ತೆ ಉತ್ತರ ಬದಲಾಯಿಸ್ಬೋದಿತ್ತಲ್ಲ?"

"ಬದಲಾಯಿಸ್ಬೋದಿತ್ತು. ಎರಡು ಗೀಟು ಬಿದ್ದಾಗೆಲ್ಲ ನೀವು ಮುಟ್ಟಿದ್ದು ಹೆಬ್ಬೆರಳು ಅಂತ ಲೆಕ್ಕ ಹಾಕೋದೇನು ಕಷ್ಟ ಅಲ್ಲ. ಆದ್ರೆ ಊಹೆ ಮಾಡ್ಬೇಡಿ, ಎಲ್ಲಿ ಅನ್ಸತ್ತೋ ಅದನ್ನೇ ಹೇಳಿ ಅಂದಿದ್ರಿ ನೀವು. ನನಗೆ ಅನ್ಸೋದು ಉಂಗುರದ ಬೆರಳಲ್ಲೇ."

ಊಹಿಸುವವನು ಒಮ್ಮೆ ತೋರುಬೆರಳು ಅಂದಾನು, ಇನ್ನೊಮ್ಮೆ ನಡುಬೆರಳು ಅಂದಾನು. ಈ ಮನುಷ್ಯ ಒಂದು ವರ್ಷ ಒಂದೇ ತಪ್ಪನ್ನು ಹೇಳುತ್ತ ಬಂದಿದ್ದಾನೆ. ಅವಳು ಯಾವ ಬೆರಳನ್ನೂ ಮುಟ್ಟದೆ ಸುಮ್ಮನೆ ಕೇಳಿದಳು, "ಯಾವ ಬೆರಳು?"

"ಯಾವುದೂ ಇಲ್ಲ."

ಪೆಟ್ಟಿಗೆಯಲ್ಲಿದ್ದ ಅತಿ ತೆಳ್ಳನೆಯ ಎಳೆಯನ್ನು ತೆಗೆದಳು. ಕೂದಲಿಗಿಂತ ನವಿರು, ಎಷ್ಟೋ ಸಲ ಒಳ್ಳೆಯ ಬೆರಳಿಗೂ ಅದು ತಿಳಿಯುವುದಿಲ್ಲ. ಅದನ್ನು ಹೆಬ್ಬೆರಳಿಗೆ ಸೋಕಿಸಿದಳು.

"ಉಂಗುರದ ಬೆರಳು. ತುದೀಲಿ, ಒಳಗಡೆ ಪಕ್ಕ."

ಸತ್ತಿದೆ ಎಂದು ಅವಳು ಬರೆದಿಟ್ಟ ಬೆರಳು ಅಷ್ಟು ದಿನವೂ ಮಾತಾಡುತ್ತಲೇ ಇತ್ತು. "ಕೈ ಹಾಗೇ ಇರ್ಲಿ," ಎಂದವಳೇ ಫೈಲು ಎತ್ತಿಕೊಂಡು, ಇವನಿಗೆ ಯಾವ ಶಸ್ತ್ರಚಿಕಿತ್ಸೆ ಮಾಡಿದ್ದೆಂದು ಕೇಳಲು ಸರ್ಜನ್ನರ ಕೋಣೆಗೆ ಹೋದಳು. ಹನ್ನೆರಡು ವರ್ಷದ ಕೆಲಸದಲ್ಲಿ ಅವಳು ನಿಯಮ ಮುರಿದದ್ದು ಅದೇ ಮೊದಲು.

ಸರ್ಜನ್ ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಉಂಗುರದ ಬೆರಳಿನ ಪಕ್ಕದ ಚರ್ಮಾನ ಅದರ ನರ, ರಕ್ತನಾಳ ಕಡಿಯದೇನೇ ಎತ್ತಿ, ಅಂಗೈ ಒಳಗಿಂದ ಹಾಯಿಸಿ ಹೆಬ್ಬೆರಳಿಗೆ ಕೂರಿಸಿದೀವಿ. ಚರ್ಮ ಮನೆ ಬದಲಾಯಿಸ್ತು, ಮಿದುಳಿಗೆ ಮಾತ್ರ ಇನ್ನೂ ಹಳೇ ವಿಳಾಸ. ಕೆಲವರಲ್ಲಿ ಹೀಗೇ ಉಳಿಯತ್ತೆ ಅಂತ ನನಗೆ ಗೊತ್ತು. ನಿಮಗೆ ಹೇಳೋ ಹಾಗಿರ್ಲಿಲ್ಲ."

"ಮತ್ತೆ ಈ ಫಾರಮ್ಮು?"

"ರೋಗಿ ಯಾವ ಬೆರಳು ಅಂದ್ರೋ ಅದನ್ನೂ ನೀವು ಬರ್ಕೋತಿದೀರಿ ಅಂದ್ಕೊಂಡಿದ್ದೆ."

ಫಾರಮ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅಳತೆಯಮ್ಮನಿಗೆ ಏನೂ ತಿಳಿಯಬಾರದು ಎಂಬ ನಿಯಮವನ್ನು ಇಡೀ ಮಹಡಿ ಎಷ್ಟು ನಿಷ್ಠೆಯಿಂದ ಪಾಲಿಸಿತ್ತೆಂದರೆ, ತಿಳಿಯಲೇಬೇಕಾದದ್ದೂ ಅವಳಿಗೆ ತಿಳಿಯದೇ ಹೋಗಿತ್ತು. ಇಂಥ ಸೊನ್ನೆಯ ಫೈಲು ಇನ್ನೂ ಹತ್ತು ಇದ್ದವು. ಅವರೆಲ್ಲರನ್ನೂ ಮತ್ತೆ ಕರೆಸಬೇಕೆಂದು ಸರ್ಜನ್ ಅಲ್ಲೇ ಫೋನು ಎತ್ತಿಕೊಂಡರು. ಒಪ್ಪಿಗೆ ಪತ್ರವನ್ನು ಅವಳ ಕಡೆ ತಳ್ಳಿ, "ಇದೇನು ಮಾಡ್ಬೇಕು ಅಂತ ನಿಮಗೇ ಗೊತ್ತಲ್ಲ," ಎಂದರು.

ವಾಪಸು ಬರುವಾಗ ಕಾರಿಡಾರಿನಲ್ಲಿ ಅವಳು ಕಣ್ಣು ಮುಚ್ಚಿ ತನ್ನ ಹೆಬ್ಬೆರಳನ್ನು ತಾನೇ ಮುಟ್ಟಿಕೊಂಡಳು. ಅದು ಹೆಬ್ಬೆರಳೆಂದೇ ಅನ್ನಿಸಿತು. ನಲವತ್ತನಾಲ್ಕು ವರ್ಷ ಅದನ್ನೊಂದು ಸೋಜಿಗವೆಂದು ಅವಳು ಯೋಚಿಸಿಯೇ ಇರಲಿಲ್ಲ.

ಗಡಿಯಾರದವನು ಕಂಡಿಯಲ್ಲಿ ಕೈ ಇಟ್ಟುಕೊಂಡು ಹಾಗೇ ಕೂತಿದ್ದ. ಅವಳು ಹೊಸ ಹಾಳೆ ತೆಗೆದು ಹೆಬ್ಬೆರಳು ಮುಟ್ಟಿದಳು.

"ಉಂಗುರದ ಬೆರಳು," ಎಂದ, ಸೋತ ದನಿಯಲ್ಲಿ.

ಒಂದು ಗೀಟು ಎಳೆದು, ಪಕ್ಕದಲ್ಲೇ ಉಂಗುರದ ಬೆರಳಿನ ಗುರುತಿಗೊಂದು ಚುಕ್ಕಿಯಿಟ್ಟು, ಮತ್ತೆ ಮುಟ್ಟಿದಳು. ಒಂದು ಗೀಟು. ಮತ್ತೊಮ್ಮೆ. ಒಂದು ಗೀಟು. ಐದನೆಯದರ ಹೊತ್ತಿಗೆ ಹಲಗೆಯಾಚೆ ಕುರ್ಚಿ ಮುಂದಕ್ಕೆ ಸರಿದ ಸದ್ದಾಯಿತು.

"ಮೇಡಂ, ಒಂದೇ ಗೀಟು ಕೇಳಿಸ್ತಿದೆ."

"ಸರಿಯಾಗೇ ಕೇಳಿಸ್ತಿದೆ. ತಪ್ಪು ಬರೆದಿದ್ದು ನಾನು."

ಅವಳು ಕೊನೆಯ ಕಾಗದವನ್ನು ಮುಂದಕ್ಕೆಳೆದುಕೊಂಡು ಒತ್ತಿ ಬರೆದಳು. ಎರಡು ಗೀಟು.

"ಇದು?" ಎಂದ ಅವನು. "ಈಗ ನೀವು ಮುಟ್ಟಲೇ ಇಲ್ವಲ್ಲ."

"ಇದು ಬೆರಳಿಗಲ್ಲ," ಎಂದಳು ಅಳತೆಯಮ್ಮ. "ನೀವು ಸಹಿ ಹಾಕಿದ್ದ ಆಪರೇಷನ್ ಕಾಗದಕ್ಕೆ."